ಗಂಡ ಪುಣೆಯಲ್ಲಿ, ಹೆಂಡತಿ ಜೇವರ್ಗಿಯಲ್ಲಿ: ಜೀವನಾಂಶದ ಅರ್ಜಿ ಹಾಕುವುದು ಹೇಗೆ?

ದುಡಿಯಲು ಪುಣೆಗೋ ಬೆಂಗಳೂರಿಗೋ ಹೋದ ಗಂಡ ಈಗ ಫೋನ್ ಎತ್ತುವುದಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಬಂದಿದ್ದಾಳೆ. ಜೇವರ್ಗಿ, ಚಿಂಚೋಳಿ, ಶಹಾಪುರದ ಕಡೆ ಇದು ಅಪರೂಪವೇನಲ್ಲ. ಮನೆಯವರು ಮೊದಲು ಕೇಳುವುದು "ಡೈವೋರ್ಸ್ ಹಾಕೋಣೇನು?" ಎಂದು. ಆದರೆ ಮೊದಲು ಬೇಕಾದದ್ದು ಮನೆ ನಡೆಸಲು ದುಡ್ಡು. ಜೀವನಾಂಶ ಕೇಳಲು ವಿಚ್ಛೇದನ ಆಗಿರಬೇಕು ಅಂತೇನಿಲ್ಲ, ಅದರ ಕೇಸ್ ಹಾಕಿರಲೂ ಬೇಕಿಲ್ಲ. ಬಿಡುವುದೋ ಕೂಡುವುದೋ ಆಮೇಲೆ ಯೋಚಿಸಬಹುದು.

ಯಾವ ಕಾನೂನು, ಯಾವ ಕೋರ್ಟು

2024ರ ಜುಲೈ 1ರಿಂದ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಹಳೆಯ 125ನೇ ಕಲಂ ಈಗ 144 ಆಗಿದೆ. ಯಾರಾದರೂ ಇನ್ನೂ "125 ಕೇಸ್" ಅಂದರೆ ಗಾಬರಿ ಬೇಡ, ಎರಡೂ ಒಂದೇ. ಇದು ಎಲ್ಲ ಧರ್ಮದವರಿಗೂ ಇದೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ ಈ ಕಲಂನಡಿ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಗಂಡ ಇರುವ ಊರಿಗೇ ಹೋಗಿ ಕೇಸ್ ಹಾಕಬೇಕು ಎಂದು ಎಷ್ಟೋ ಜನ ಸುಮ್ನೆ ಕೂತುಬಿಡುತ್ತಾರೆ. ಬೇಕಿಲ್ಲ. ಹೆಂಡತಿ ಈಗ ವಾಸವಿರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಕಲಬುರಗಿಯಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ಆ ಕೋರ್ಟಿನ ವ್ಯಾಪ್ತಿ ಇಲ್ಲದ ಕಡೆ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಅರ್ಜಿ ಹೋಗುತ್ತದೆ.

ವಕೀಲರ ಫೀಸಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಇಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆದಾಯದ ಮಿತಿ ಇಲ್ಲ. ಸಹಾಯವಾಣಿ 15100.

ಕಾಗದ ಪತ್ರ

ಮದುವೆ ನೋಂದಣಿ ಆಗಿಲ್ಲವೇ? ಲಗ್ನಪತ್ರಿಕೆ, ಫೋಟೋ, ರೇಷನ್ ಕಾರ್ಡ್, ಮಕ್ಕಳ ಜನನ ಪ್ರಮಾಣಪತ್ರ ಇದ್ದರೆ ತೆಗೆದುಕೊಂಡು ಹೋಗಿ. ಸಾಮೂಹಿಕ ವಿವಾಹವಾಗಿದ್ದರೆ ಆಗ ಕೊಟ್ಟ ಕಾಗದ ಹುಡುಕಿ.

ಇದಕ್ಕಿಂತ ಕಷ್ಟದ್ದು ಗಂಡನ ಆದಾಯ ತೋರಿಸುವುದು. "ನನಗೇನೂ ದುಡಿಮೆ ಇಲ್ಲ" ಎಂಬುದು ಕೋರ್ಟಿನಲ್ಲಿ ಗಂಡಂದಿರ ಹಳೆಯ ಪಾಠ. ಹಾಗಾಗಿ ಅವನ ಹೆಸರಿನ ಪಹಣಿ ತೆಗೆಸಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಪೋರ್ಟಲ್‌ನಲ್ಲೇ ಸಿಗುತ್ತದೆ. ಎಷ್ಟು ಎಕರೆ, ತೊಗರಿಯೋ ಹತ್ತಿಯೋ ಅದರಲ್ಲಿ ಕಾಣುತ್ತದೆ. ತೊಗರಿ ಮಾರಿದ ರಸೀದಿ, ಗಾಡಿ ನಂಬರ್, ಕೆಲಸ ಮಾಡುವ ಜಾಗದ ಫೋಟೋ, ಫೋನ್‌ಪೇ ಮೂಲಕ ಹಿಂದೆ ಕಳಿಸಿದ ದುಡ್ಡು, ಯಾವುದೂ ವ್ಯರ್ಥವಲ್ಲ. ಜಮೀನು ಮಾವನ ಹೆಸರಲ್ಲೇ ಇದ್ದರೆ ಅದನ್ನೂ ವಕೀಲರಿಗೆ ಹೇಳಿ. ಏನೂ ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ. ಮೈಯಲ್ಲಿ ಕಸುವಿರುವ ಗಂಡ ಕೂಲಿ ಮಾಡಿಯಾದರೂ ಹೆಂಡತಿ ಮಕ್ಕಳನ್ನು ಸಾಕಬೇಕು ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

2020ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲ, ಖರ್ಚಿನ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬೇಕು. ಇಲ್ಲಿ ನಿಜ ಬರೆಯಿರಿ. ಹೊಲಿಗೆಯಿಂದಲೋ ಅಂಗನವಾಡಿ ಕೆಲಸದಿಂದಲೋ ಬರುವ ದುಡ್ಡು ಮುಚ್ಚಿಟ್ಟು ಆಮೇಲೆ ಸಿಕ್ಕಿಬಿದ್ದರೆ ಉಳಿದ ಮಾತನ್ನೂ ನಂಬುವುದಿಲ್ಲ. ಸ್ವಲ್ಪ ಗಳಿಸುತ್ತೀರಿ ಎಂಬ ಒಂದೇ ಕಾರಣಕ್ಕೆ ಜೀವನಾಂಶ ತಪ್ಪುವುದಿಲ್ಲ.

ಅರ್ಜಿ ಹಾಕುವ ದಿನ

ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಜೀವನಾಂಶದ ಅರ್ಜಿಯನ್ನೂ ಹಾಕಿಸಿ. ಇದನ್ನು ಬಿಟ್ಟರೆ ಕೇಸ್ ಮುಗಿಯುವ ತನಕ ಕೈ ಖಾಲಿ. ನೋಟಿಸ್ ತಲುಪಿದ 60 ದಿನದೊಳಗೆ ಸಾಧ್ಯವಾದಷ್ಟೂ ಇದನ್ನು ತೀರ್ಮಾನಿಸಬೇಕು ಎಂದು ಕಾನೂನಿದೆ. ವಾಸ್ತವದಲ್ಲಿ ಜಾಸ್ತಿ ಹಿಡಿಯಬಹುದು, ನಿಜ. ಆದರೆ ಮೊತ್ತವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು ಎಂದೂ ಅದೇ 2020ರ ತೀರ್ಪು ಹೇಳುತ್ತದೆ. ಹಾಗಾಗಿ ತಡಮಾಡಿದಷ್ಟೂ ನಷ್ಟ ನಿಮ್ಮದೇ.

ಕೇಸ್ ಹೆಚ್ಚಾಗಿ ನಿಲ್ಲುವುದು ನೋಟಿಸ್ ಹತ್ತಿರ. "ಪುಣೆಯಲ್ಲಿ ಎಲ್ಲೋ ಇದ್ದಾನೆ" ಎಂದರೆ ಯಾರಿಗೆ ತಲುಪಿಸುವುದು? ಅವನ ಹಳ್ಳಿಯ ಮನೆ, ಕೆಲಸದ ಜಾಗ, ಬಾಡಿಗೆ ರೂಮು, ಸಿಕ್ಕಷ್ಟೂ ವಿಳಾಸ ಕೊಡಿ. ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಸಿಗುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಕಾಣುತ್ತದೆ. ಪ್ರತಿ ಸಲ ಬಸ್ಸು ಹತ್ತಿ ಬಂದು ಕೇಳುವುದು ತಪ್ಪುತ್ತದೆ.

ಹಿರಿಯರು ಕೂತು ಬರೆಸಿದ ಕಾಗದ

ಇಲ್ಲಿ ಹುಷಾರಾಗಿರಬೇಕು. ಊರ ಹಿರಿಯರು ಕೂಡಿ ಬಾಂಡ್ ಪೇಪರ್ ಮೇಲೆ "ಇಬ್ಬರೂ ಒಪ್ಪಿ ಬೇರೆ ಇರುತ್ತೇವೆ, ಮುಂದೆ ಏನೂ ಕೇಳುವುದಿಲ್ಲ" ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸುತ್ತಾರೆ. ಇಬ್ಬರೂ ಒಪ್ಪಿ ಬೇರೆ ಇದ್ದರೆ ಹೆಂಡತಿಗೆ 144ರಡಿ ಜೀವನಾಂಶ ಇಲ್ಲ ಎಂಬ ಷರತ್ತು ಕಾನೂನಿನಲ್ಲೇ ಇದೆ. ಗಂಡನ ವಕೀಲರು ಆ ಕಾಗದವನ್ನೇ ಎತ್ತಿ ತೋರಿಸುತ್ತಾರೆ. ಹೊಡೆತ ತಾಳದೆ ಬಂದವಳ ಕೈಲಿ "ಒಪ್ಪಿ" ಎಂದು ಬರೆಸುವುದು ಯಾವ ನ್ಯಾಯ ಹೇಳಿ? ಓದಿಸದೆ ಸಹಿ ಹಾಕಲೇಬೇಡಿ.

ಈಗಾಗಲೇ ಹಾಕಿದ್ದೀರಾ? ಕೈಚೆಲ್ಲಬೇಡಿ. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಮಹಿಳೆಯೊಬ್ಬರು 8,000 ರೂಪಾಯಿ ಪಡೆದು, ಮುಂದೆ ಕೇಳುವುದಿಲ್ಲ ಎಂದು ರಾಜಿಯಾಗಿದ್ದರು. ಅವರು ಆಮೇಲೆ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ಕೇಳಲು ಆ ರಾಜಿ ಅಡ್ಡಿಯಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಕ್ಕಳ ಹಕ್ಕನ್ನಂತೂ ಅಪ್ಪ ಅಮ್ಮ ಬರೆದುಕೊಟ್ಟು ಕಳೆಯಲಾಗದು.

ಮಕ್ಕಳು ಯಾರ ಹತ್ತಿರ ಇರಬೇಕು ಎಂಬುದಕ್ಕೆ ಬೇರೆಯೇ ಅರ್ಜಿ. ಅದನ್ನು ಮಗು ಸಾಮಾನ್ಯವಾಗಿ ವಾಸವಿರುವ ಊರಿನಲ್ಲಿ ಹಾಕಬೇಕು. ಹಿಂದೂ ಕಾನೂನಿನಲ್ಲಿ 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ದುಡ್ಡು ಕೊಟ್ಟಿಲ್ಲ ಎಂದು ಮಗುವನ್ನು ತೋರಿಸದೇ ಇರುವುದು, ತೋರಿಸಿಲ್ಲ ಎಂದು ದುಡ್ಡು ನಿಲ್ಲಿಸುವುದು, ಎರಡನ್ನೂ ಕೋರ್ಟು ಮೆಚ್ಚುವುದಿಲ್ಲ.

ಆದೇಶ ಬಂದ ಮೇಲೂ ಕೊಡದಿದ್ದರೆ

ಆದೇಶದ ಪ್ರತಿ ನಿಮಗೆ ಉಚಿತ, ಕೇಳಿ ತೆಗೆದುಕೊಳ್ಳಿ. ಹಣ ಬ್ಯಾಂಕ್ ಖಾತೆಗೇ ಬರುವಂತೆ ಕೇಳಿ, ಲೆಕ್ಕ ಉಳಿಯುತ್ತದೆ. ಕೊಡದಿದ್ದರೆ ವಸೂಲಿ ಅರ್ಜಿ ಹಾಕಬೇಕು. ಸರಿಯಾದ ಕಾರಣವಿಲ್ಲದೆ ಬಾಕಿ ಉಳಿಸಿದರೆ ಪ್ರತಿ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲಿಗೆ ಹಾಕಬಹುದು. ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಈ ಅರ್ಜಿ ಹಾಕಬೇಕು, ಮರೆಯಬೇಡಿ. ಗಂಡ ಪುಣೆಯಲ್ಲೇ ಉಳಿದರೂ ತಪ್ಪಿಸಿಕೊಳ್ಳಲಾಗದು. ಅವನಿರುವ ಊರಿನ ಮ್ಯಾಜಿಸ್ಟ್ರೇಟರೂ ಕಲಬುರಗಿಯ ಆದೇಶವನ್ನು ಜಾರಿ ಮಾಡಬಹುದು.