ಟ್ಯಾಗ್ ಎಲ್ಲಿ ಸೇರುತ್ತದೆ, ಎಲ್ಲಿ ಕಳಚುತ್ತದೆ: ವಿಲ್ಯಾನ್ ಮತ್ತು ಟ್ರಂಕ್ ಕಟ್ಟುವ ನನ್ನ ಕ್ರಮ

ಮೂರು ಮಹಡಿಯ ಒಂದು ಕಚೇರಿ ಎಂದುಕೊಳ್ಳಿ. ನೂರರ ಆಸುಪಾಸು ಕಂಪ್ಯೂಟರ್, ಒಂದಷ್ಟು ಸಿಸಿಟಿವಿ ಕ್ಯಾಮೆರಾ, ಮಹಡಿಗೆರಡು ವೈಫೈ ಆಕ್ಸೆಸ್ ಪಾಯಿಂಟ್. ಎಲ್ಲವೂ ಒಂದೇ ನೆಟ್‌ವರ್ಕಿನಲ್ಲಿದ್ದರೆ ಬಂದುಹೋಗುವವರ ಮೊಬೈಲಿಗೂ ಅಕೌಂಟ್ಸ್ ವಿಭಾಗದ ಕಂಪ್ಯೂಟರಿಗೂ ನಡುವೆ ತಡೆಯೇ ಇರುವುದಿಲ್ಲ. ಒಂದೇ ಸ್ವಿಚ್ಚನ್ನು ಹಲವು ಪ್ರತ್ಯೇಕ ನೆಟ್‌ವರ್ಕ್‌ಗಳಂತೆ ಭಾಗ ಮಾಡುವುದೇ ವಿಲ್ಯಾನ್. ಬ್ರಾಡ್‌ಕಾಸ್ಟ್, ಅಂದರೆ ಎಲ್ಲರಿಗೂ ಹೋಗುವ ಸಂದೇಶ, ಕಡಿಮೆ ಮಾಡಲು ವಿಲ್ಯಾನ್ ಬೇಕು ಎಂದು ಪಾಠದಲ್ಲಿ ಹೇಳಿಕೊಡುತ್ತಾರೆ. ನೂರು ಯಂತ್ರಗಳ ಬ್ರಾಡ್‌ಕಾಸ್ಟ್ ಇಂದಿನ ಸ್ವಿಚ್ಚಿಗೆ ಭಾರವೇ ಅಲ್ಲ. ಇಷ್ಟು ಗಾತ್ರದ ಕಡೆ ನಾನು ವಿಲ್ಯಾನ್ ಹಾಕುವುದು, ಯಾರು ಯಾರನ್ನು ತಲುಪಬಹುದು ಎಂಬುದು ನಮ್ಮ ಹಿಡಿತದಲ್ಲಿರಲಿ ಎಂದು.

ಕಾನ್ಫಿಗರೇಶನ್‌ಗೆ ಕೈ ಹಾಕುವ ಮೊದಲು ಫ್ರೇಮ್, ಅಂದರೆ ಕೇಬಲ್‌ನಲ್ಲಿ ಸಾಗುವ ಡೇಟಾದ ಒಂದು ತುಂಡು, ಅರ್ಥವಾಗಬೇಕು. 802.1ಕ್ಯು ಮಾನಕ ಈಥರ್ನೆಟ್ ಫ್ರೇಮಿನಲ್ಲಿ ಕಳಿಸಿದವರ ಮ್ಯಾಕ್ ವಿಳಾಸ (ಯಂತ್ರದ ಹಾರ್ಡ್‌ವೇರ್ ವಿಳಾಸ) ಮುಗಿದ ಕೂಡಲೇ 4 ಬೈಟ್ ಸೇರಿಸುತ್ತದೆ, ಅದೇ ಟ್ಯಾಗ್. ಮೊದಲ 2 ಬೈಟ್ ಹೆಕ್ಸ್ 8100, ಅಂದರೆ ‘ಇಲ್ಲಿ ಟ್ಯಾಗ್ ಇದೆ’ ಎಂಬ ಗುರುತು. ಉಳಿದ 16 ಬಿಟ್‌ನಲ್ಲಿ 3 ಆದ್ಯತೆಗೆ, 1 ದಟ್ಟಣೆಯಾದಾಗ ಬಿಸಾಡಬಹುದೇ ಎಂಬುದಕ್ಕೆ, 12 ವಿಲ್ಯಾನ್ ಸಂಖ್ಯೆಗೆ. 12 ಬಿಟ್ ಎಂದರೆ 4096. 0 ಮತ್ತು 4095 ಮೀಸಲು, ನಮಗೆ ಸಿಗುವುದು 1ರಿಂದ 4094. ಟ್ಯಾಗ್ ಸೇರಿದಾಗ ಫ್ರೇಮಿನ ಗರಿಷ್ಠ ಉದ್ದ 1518ರಿಂದ 1522 ಬೈಟಿಗೆ ಏರುತ್ತದೆ. ಎರಡು ಮ್ಯಾನೇಜ್ಡ್ ಸ್ವಿಚ್ ನಡುವೆ ಯಾರೋ ಹಳೆಯ ಮಾಮೂಲಿ ಸ್ವಿಚ್ ಸಿಕ್ಕಿಸಿದ್ದರೆ ಸಣ್ಣ ಪಿಂಗ್ ದಾಟುತ್ತದೆ, ದೊಡ್ಡ ಫೈಲ್ ನಿಂತುಹೋಗುತ್ತದೆ. ಅದಕ್ಕೆ ಈ 4 ಬೈಟೇ ಕಾರಣವಾಗಿರಬಹುದು.

ಆಮೇಲೆ ಪ್ರತಿ ಪೋರ್ಟಿಗೂ ಒಂದೇ ಪ್ರಶ್ನೆ: ಇಲ್ಲಿಂದ ಫ್ರೇಮ್ ಟ್ಯಾಗ್ ಹೊತ್ತು ಹೊರಡುತ್ತದೋ, ಟ್ಯಾಗ್ ಕಳಚಿ ಹೊರಡುತ್ತದೋ? ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾಗಳಿಗೆ ಸಾಮಾನ್ಯವಾಗಿ ಟ್ಯಾಗ್ ಬೇಡ, ಆ ಪೋರ್ಟ್ ಆಕ್ಸೆಸ್. ಹಲವು ವಿಲ್ಯಾನ್‌ಗಳು ಒಂದೇ ಕೇಬಲ್‌ನಲ್ಲಿ ಸಾಗಬೇಕಾದ ಕಡೆ ಟ್ಯಾಗ್ ಇರಲೇಬೇಕು, ಅದು ಟ್ರಂಕ್. ಪ್ರತಿ ಕೊಂಡಿಯ ಎರಡೂ ತುದಿಯಲ್ಲಿ ಈ ಉತ್ತರ ಒಂದೇ ಆಗಿದ್ದರೆ ಅರ್ಧ ತೊಂದರೆ ಹುಟ್ಟುವುದೇ ಇಲ್ಲ.

ಸಂಖ್ಯೆಗಳನ್ನು ನಾನು ಮೊದಲು ಹಾಳೆಯ ಮೇಲೆ ಬರೆಯುತ್ತೇನೆ: 10 ಕಚೇರಿ, 20 ಅಕೌಂಟ್ಸ್, 30 ಕ್ಯಾಮೆರಾ, 40 ಅತಿಥಿ ವೈಫೈ, 99 ಸ್ವಿಚ್‌ಗಳ ನಿರ್ವಹಣೆ, 999 ಯಾರೂ ಇಲ್ಲದ ಖಾಲಿ ವಿಲ್ಯಾನ್. ಐಪಿಯ ಮೂರನೇ ಸಂಖ್ಯೆಯೂ ಅದೇ: ವಿಲ್ಯಾನ್ 20 ಎಂದರೆ 192.168.20.0, ಮಾಸ್ಕ್ 24. ದೂರು ಬಂದಾಗ ಐಪಿ ನೋಡಿದರೆ ಸಾಕು, ಯಂತ್ರ ಯಾವ ವಿಲ್ಯಾನ್‌ನಲ್ಲಿ ಕೂತಿದೆ ಎಂದು ತಿಳಿಯುತ್ತದೆ.

ಆಕ್ಸೆಸ್ ಪೋರ್ಟಿನದು ಹೆಚ್ಚು ಮಾತಿಲ್ಲ. ಮೋಡ್ ಆಕ್ಸೆಸ್, ವಿಲ್ಯಾನ್ ಸಂಖ್ಯೆ, ಜೊತೆಗೆ ಪೋರ್ಟನ್ನು ಕಾಯಿಸದೆ ಕೂಡಲೇ ಚಾಲೂ ಮಾಡುವ ಪೋರ್ಟ್‌ಫಾಸ್ಟ್. ಪೋರ್ಟ್‌ಫಾಸ್ಟ್ ಬಿಟ್ಟರೆ ಹಳೆಯ ಮಾದರಿಯ ಸ್ಪ್ಯಾನಿಂಗ್ ಟ್ರೀ (ಸ್ವಿಚ್‌ಗಳ ನಡುವೆ ಫ್ರೇಮ್ ಸುತ್ತುತ್ತಲೇ ಇರದಂತೆ ತಡೆಯುವ ವ್ಯವಸ್ಥೆ) ಪೋರ್ಟನ್ನು 15 ಮತ್ತು 15, ಒಟ್ಟು 30 ಸೆಕೆಂಡ್ ಕಾಯಿಸುತ್ತದೆ. ಅಷ್ಟರಲ್ಲಿ ಕಂಪ್ಯೂಟರ್ ಐಪಿ ಹಂಚುವ ಡಿಎಚ್‌ಸಿಪಿಗೆ ಕೇಳಿ ಸೋತು, ತಾನೇ 169.254ರ ಐಪಿ ಹಾಕಿಕೊಂಡಿರುತ್ತದೆ.

ಟ್ರಂಕ್‌ಗೆ ಸಿಸ್ಕೋ ಸ್ವಿಚ್ಚಿನಲ್ಲಿ ನಾನು ಕೊಡುವ ಸಾಲುಗಳು ಇವು:

ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 0/1
ಸ್ವಿಚ್‌ಪೋರ್ಟ್ ಟ್ರಂಕ್ ಎನ್‌ಕ್ಯಾಪ್ಸುಲೇಶನ್ ಡಾಟ್1ಕ್ಯು
ಸ್ವಿಚ್‌ಪೋರ್ಟ್ ಟ್ರಂಕ್ ನೇಟಿವ್ ವಿಲ್ಯಾನ್ 999
ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ 10,20,30,40,99
ಸ್ವಿಚ್‌ಪೋರ್ಟ್ ಮೋಡ್ ಟ್ರಂಕ್
ಸ್ವಿಚ್‌ಪೋರ್ಟ್ ನಾನ್‌ನೆಗೋಶಿಯೇಟ್

ಎರಡನೇ ಸಾಲು 3560, 3750 ಮಾದರಿಗಳಲ್ಲಿ ಬೇಕೇ ಬೇಕು. ಸಿಸ್ಕೋದ ಹಳೆಯ ಐಎಸ್‌ಎಲ್ ಪದ್ಧತಿಯೂ ಅವುಗಳಿಗೆ ಗೊತ್ತಿರುವುದರಿಂದ, ಯಾವುದೆಂದು ಹೇಳದೆ ಮೋಡ್ ಟ್ರಂಕ್ ಕೊಟ್ಟರೆ ಕಮಾಂಡನ್ನೇ ತಿರಸ್ಕರಿಸುತ್ತವೆ. 2960ಗೆ ಡಾಟ್1ಕ್ಯು ಒಂದೇ ಗೊತ್ತು, ಅಲ್ಲಿ ಈ ಸಾಲೇ ಇಲ್ಲ. ಕೊನೆಯ ಸಾಲು, ಟ್ರಂಕ್ ಆಗಬೇಕೇ ಎಂದು ಸ್ವಿಚ್‌ಗಳು ತಮ್ಮಲ್ಲೇ ನಡೆಸುವ ಡಿಟಿಪಿ ಮಾತುಕತೆಯನ್ನು ನಿಲ್ಲಿಸುತ್ತದೆ. ಎರಡೂ ತುದಿ ‘ಡೈನಾಮಿಕ್ ಆಟೊ’ದಲ್ಲಿದ್ದರೆ ಇಬ್ಬರೂ ಇನ್ನೊಬ್ಬರು ಕೇಳಲಿ ಎಂದು ಕಾಯುತ್ತಾರೆ, ಟ್ರಂಕ್ ಏಳುವುದಿಲ್ಲ, ಹಸಿರು ದೀಪ ಮಾತ್ರ ಉರಿಯುತ್ತಿರುತ್ತದೆ.

ಅಲೌಡ್ ಸಾಲು ಅತಿ ಅಪಾಯದ್ದು. ಚಾಲ್ತಿಯಲ್ಲಿರುವ ಟ್ರಂಕ್‌ಗೆ ಹೊಸದಾಗಿ 50 ಸೇರಿಸಬೇಕೆಂದು ‘ಅಲೌಡ್ ವಿಲ್ಯಾನ್ 50’ ಎಂದು ಕೊಟ್ಟರೆ ಹಳೆಯ ಪಟ್ಟಿ ಅಳಿಸಿಹೋಗಿ 50 ಒಂದೇ ಉಳಿಯುತ್ತದೆ. ನಿರ್ವಹಣೆಯ 99 ಕೂಡ ಹೋಗುವುದರಿಂದ ದೂರದಲ್ಲಿ ಕೂತವರಿಗೆ ಸರಿಪಡಿಸಲು ದಾರಿಯೂ ಉಳಿಯುವುದಿಲ್ಲ. ಬರೆಯಬೇಕಾದ್ದು ‘ಅಲೌಡ್ ವಿಲ್ಯಾನ್ ಆಡ್ 50’. ದೂರದಿಂದ ಟ್ರಂಕ್ ಮುಟ್ಟುವ ಮೊದಲು ‘ರಿಲೋಡ್ ಇನ್ 10’ ಕೊಡುವುದು, ಸೇವ್ ಮಾಡಬೇಕೇ ಎಂದು ಕೇಳಿದರೆ ಬೇಡ ಎನ್ನುವುದು ನನ್ನ ರೂಢಿ. ಕೈತಪ್ಪಿದರೆ ಹತ್ತು ನಿಮಿಷಕ್ಕೆ ಸ್ವಿಚ್ ಹಳೆಯ ಕಾನ್ಫಿಗರೇಶನ್‌ನೊಂದಿಗೆ ಎದ್ದು ಬರುತ್ತದೆ. ಸರಿಹೋಯಿತೆಂದು ಖಚಿತವಾದ ಮೇಲೆ ‘ರಿಲೋಡ್ ಕ್ಯಾನ್ಸಲ್’, ಆನಂತರವೇ ಸೇವ್.

ನೇಟಿವ್ ವಿಲ್ಯಾನ್ ಎಂದರೆ ಟ್ರಂಕ್‌ನಲ್ಲಿ ಟ್ಯಾಗ್ ಇಲ್ಲದೆ ಬಂದ ಫ್ರೇಮ್ ಸೇರುವ ಜಾಗ. ಒಂದು ತುದಿಯಲ್ಲಿ 1, ಇನ್ನೊಂದರಲ್ಲಿ 999 ಇದ್ದರೆ ಒಂದರ ಸಂಚಾರ ಇನ್ನೊಂದಕ್ಕೆ ಸೋರುತ್ತದೆ. ಸಿಸ್ಕೋ ಸ್ವಿಚ್‌ಗಳು ಪಕ್ಕದ ಸ್ವಿಚ್ಚಿಗೆ ತಮ್ಮ ವಿವರ ಹೇಳುವ ಸಿಡಿಪಿ ಮೂಲಕ ‘ನೇಟಿವ್ ವಿಲ್ಯಾನ್ ಮಿಸ್‌ಮ್ಯಾಚ್’ ಎಂದು ಲಾಗ್‌ನಲ್ಲಿ ಕೂಗುತ್ತವೆ, ಪಿವಿಎಸ್‌ಟಿ (ಪ್ರತಿ ವಿಲ್ಯಾನ್‌ಗೂ ಬೇರೆಯಾಗಿ ನಡೆಯುವ ಸ್ಪ್ಯಾನಿಂಗ್ ಟ್ರೀ) ಆ ವಿಲ್ಯಾನ್‌ಗಳನ್ನು ಅಲ್ಲಿ ತಡೆಯುತ್ತದೆ. ಬೇರೆ ಕಂಪನಿಯ ಸ್ವಿಚ್ ಎದುರಿಗಿದ್ದರೆ ಈ ಎಚ್ಚರಿಕೆ ಸಿಗುವ ಭರವಸೆ ಇಲ್ಲ. ಖಾಲಿ 999 ಇಡುವುದಕ್ಕೆ ಇನ್ನೊಂದು ಕಾರಣ, ಎರಡು ಟ್ಯಾಗ್ ಹಚ್ಚಿದ ಫ್ರೇಮ್ ಕಳಿಸಿ ಬೇರೆ ವಿಲ್ಯಾನ್‌ಗೆ ನುಗ್ಗುವ ದಾಳಿ. ದಾಳಿಕೋರನ ಆಕ್ಸೆಸ್ ಪೋರ್ಟ್ ನೇಟಿವ್ ವಿಲ್ಯಾನ್‌ನಲ್ಲೇ ಇದ್ದರೆ ಮಾತ್ರ ಅದು ನಡೆಯುತ್ತದೆ.

ಪರೀಕ್ಷಿಸುವುದಕ್ಕೆ ‘ಶೋ ಇಂಟರ್‌ಫೇಸಸ್ ಟ್ರಂಕ್’ ಒಂದೇ ಸಾಕು, ಆದರೆ ಅದರ ನಾಲ್ಕು ಭಾಗಗಳನ್ನೂ ಓದಬೇಕು. ಮೊದಲನೆಯದರಲ್ಲಿ ಮೋಡ್ ಮತ್ತು ನೇಟಿವ್. ಎರಡನೆಯದರಲ್ಲಿ ನಾವು ಅನುಮತಿಸಿದ ಪಟ್ಟಿ. ಮೂರನೆಯದರಲ್ಲಿ ಅನುಮತಿಯೂ ಇದ್ದು ಈ ಸ್ವಿಚ್ಚಿನಲ್ಲಿ ಜೀವಂತವೂ ಆಗಿರುವವು. ನಾಲ್ಕನೆಯದರಲ್ಲಿ ಸ್ಪ್ಯಾನಿಂಗ್ ಟ್ರೀ ನಿಜವಾಗಿ ದಾಟಿಸುತ್ತಿರುವವು. 30 ಎರಡನೆಯದರಲ್ಲಿದ್ದು ಮೂರನೆಯದರಲ್ಲಿ ಇಲ್ಲದಿದ್ದರೆ ಸಾಮಾನ್ಯವಾಗಿ ಆ ಸ್ವಿಚ್ಚಿನಲ್ಲಿ ವಿಲ್ಯಾನ್ 30 ಸೃಷ್ಟಿಯೇ ಆಗಿರುವುದಿಲ್ಲ. ನಡುವಿನ ಮಹಡಿಯಲ್ಲಿ ಕ್ಯಾಮೆರಾ ಇಲ್ಲವೆಂದು 30 ಸೃಷ್ಟಿಸದೆ ಬಿಟ್ಟರೆ, ಅದರ ಮೂಲಕ ಹಾದುಹೋಗಬೇಕಾದ ಮೇಲಿನ ಮಹಡಿಯ ಕ್ಯಾಮೆರಾಗಳೂ ಕತ್ತಲಾಗುತ್ತವೆ.

ವೆಬ್ ಪುಟದಲ್ಲಿ ಹೊಂದಿಸುವ ಅಗ್ಗದ ಸ್ಮಾರ್ಟ್ ಸ್ವಿಚ್‌ಗಳಲ್ಲಿ ತಕರಾರು ಬೇರೆ ರೀತಿಯದು. ಹಲವು ಮಾದರಿಗಳಲ್ಲಿ ಪೋರ್ಟನ್ನು ವಿಲ್ಯಾನ್ 20ರ ಅನ್‌ಟ್ಯಾಗ್ಡ್ ಸದಸ್ಯ ಮಾಡುವುದು ಒಂದು ಪುಟ, ಪಿವಿಐಡಿ (ಟ್ಯಾಗ್ ಇಲ್ಲದೆ ಬಂದ ಫ್ರೇಮ್ ಸೇರುವ ವಿಲ್ಯಾನ್ ಸಂಖ್ಯೆ) 20 ಎಂದು ಕೊಡುವುದು ಇನ್ನೊಂದು ಪುಟ. ಮೊದಲನೆಯದು ಹೊರಹೋಗುವ ಫ್ರೇಮಿಗೆ, ಎರಡನೆಯದು ಒಳಬರುವ ಫ್ರೇಮಿಗೆ. ಪಿವಿಐಡಿ 1ರಲ್ಲೇ ಉಳಿದರೆ ವಿಲ್ಯಾನ್ 20ರ ಬ್ರಾಡ್‌ಕಾಸ್ಟ್ ಕಂಪ್ಯೂಟರಿಗೆ ತಲುಪುತ್ತದೆ, ಅದರ ಉತ್ತರ ವಿಲ್ಯಾನ್ 1ಕ್ಕೆ ಹೋಗಿ ಬೀಳುತ್ತದೆ. ಮ್ಯಾಕ್ ಟೇಬಲ್ ನೋಡಿ: ಆ ಯಂತ್ರದ ಮ್ಯಾಕ್ 1ರಲ್ಲಿ ಕಂಡರೆ ರೋಗ ಸಿಕ್ಕಿತು. ಎಚ್‌ಪಿ ಪ್ರೊಕರ್ವ್‌ನಂಥ ಸ್ವಿಚ್‌ಗಳಲ್ಲಿ ‘ಟ್ರಂಕ್’ ಎಂದರೆ ಹಲವು ಕೇಬಲ್ ಕಟ್ಟಿ ಒಂದು ಮಾಡುವುದು. ಅಲ್ಲಿ ನಮಗೆ ಬೇಕಾದ್ದು ‘ಟ್ಯಾಗ್ಡ್’.

ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಪೋರ್ಟೂ ಟ್ರಂಕ್. ಕಚೇರಿಯ ಎಸ್‌ಎಸ್‌ಐಡಿ (ವೈಫೈ ಹೆಸರು) 10ಕ್ಕೆ, ಅತಿಥಿಗಳದು 40ಕ್ಕೆ. ಬಹಳಷ್ಟು ಆಕ್ಸೆಸ್ ಪಾಯಿಂಟ್‌ಗಳು ತಮ್ಮ ಐಪಿಯನ್ನು ಟ್ಯಾಗ್ ಇಲ್ಲದೆ ಕೇಳುವುದರಿಂದ ಆ ಪೋರ್ಟಿನಲ್ಲಿ ಮಾತ್ರ ನೇಟಿವ್ 99 ಇಡುತ್ತೇನೆ.

ವಿಲ್ಯಾನ್‌ಗಳ ನಡುವೆ ರೂಟಿಂಗ್, ಐಪಿ ನೋಡಿ ದಾಟಿಸಬಲ್ಲ ಲೇಯರ್ 3 ಸ್ವಿಚ್ಚಿನ ಕೆಲಸ. ‘ಐಪಿ ರೂಟಿಂಗ್’ ಕೊಟ್ಟು ಪ್ರತಿ ವಿಲ್ಯಾನ್ ಇಂಟರ್‌ಫೇಸಿಗೆ ಗೇಟ್‌ವೇ ಐಪಿ ಹಾಕಿದ ಕ್ಷಣದಿಂದ, ಇಷ್ಟು ಕಷ್ಟಪಟ್ಟು ಬೇರ್ಪಡಿಸಿದ ಎಲ್ಲವೂ ಮತ್ತೆ ಒಂದನ್ನೊಂದು ತಲುಪುತ್ತವೆ. ಇದನ್ನು ಮರೆತ ಕಡೆ ಅತಿಥಿ ವೈಫೈ ಹೆಸರಿಗಷ್ಟೇ ಅತಿಥಿ. ವಿಲ್ಯಾನ್ 40ರ ಒಳಬರುವ ದಿಕ್ಕಿಗೆ ಒಂದು ಆಕ್ಸೆಸ್ ಲಿಸ್ಟ್ ಬೇಕು: ಮೊದಲು ಡಿಎಚ್‌ಸಿಪಿ ಸರ್ವರಿನ ಯುಡಿಪಿ 67 ಮತ್ತು ಸೈಟಿನ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್‌ನ 53ಕ್ಕೆ ಅನುಮತಿ, ಆಮೇಲೆ 192.168.0.0, ವೈಲ್ಡ್‌ಕಾರ್ಡ್ 0.0.255.255ಕ್ಕೆ (192.168ರಿಂದ ಶುರುವಾಗುವ ಎಲ್ಲ ವಿಳಾಸಕ್ಕೆ) ನಿರಾಕರಣೆ, ಕೊನೆಗೆ ಉಳಿದೆಲ್ಲಕ್ಕೂ ಅನುಮತಿ. ಒಳಗಿನ ಡಿಎನ್‌ಎಸ್ ಬಳಸುವ ಕಡೆ ಈ ಕ್ರಮ ತಿರುವುಮುರುವಾದರೆ ವೈಫೈ ಸಿಗುತ್ತದೆ, ಐಪಿಯೂ ಬರುತ್ತದೆ, ಯಾವ ಸೈಟೂ ತೆರೆಯುವುದಿಲ್ಲ.

ಡಿಎಚ್‌ಸಿಪಿ ಸರ್ವರ್ ವಿಲ್ಯಾನ್ 10ರಲ್ಲಿದ್ದರೆ, ಬೇರೆ ವಿಲ್ಯಾನ್‌ಗಳ ಐಪಿ ಕೋರಿಕೆಯನ್ನು ಅದಕ್ಕೆ ದಾಟಿಸಲು ಉಳಿದ ಇಂಟರ್‌ಫೇಸ್‌ಗಳಲ್ಲಿ ‘ಐಪಿ ಹೆಲ್ಪರ್ ಅಡ್ರೆಸ್’ ಬೇಕು. ಸ್ವಿಚ್ ಆ ಕೋರಿಕೆಯಲ್ಲಿ ತನ್ನ ಇಂಟರ್‌ಫೇಸ್ ಐಪಿ ಬರೆದು ಕಳಿಸುತ್ತದೆ, ಸರ್ವರ್ ಅದನ್ನು ನೋಡಿ ಯಾವ ಸ್ಕೋಪ್‌ನಿಂದ (ಐಪಿಗಳ ಗುಂಪಿನಿಂದ) ಕೊಡಬೇಕೆಂದು ನಿರ್ಧರಿಸುತ್ತದೆ. ವಿಲ್ಯಾನ್ ಇಂಟರ್‌ಫೇಸ್ ಡೌನ್ ಎಂದೇ ತೋರಿಸುತ್ತಿದ್ದರೆ ಗಾಬರಿ ಬೇಡ. ಆ ವಿಲ್ಯಾನ್‌ನ ಒಂದಾದರೂ ಪೋರ್ಟ್ ಅಥವಾ ಅದನ್ನು ಹೊತ್ತ ಟ್ರಂಕ್ ಏಳುವ ತನಕ ಅದು ಹಾಗೆಯೇ ಇರುತ್ತದೆ.

ಬೇರೆ ಕಡೆ ಬಳಸಿದ ಸಿಸ್ಕೋ ಸ್ವಿಚ್ ತಂದು ಜೋಡಿಸುವಾಗ, ವಿಲ್ಯಾನ್ ಪಟ್ಟಿಯನ್ನು ಸ್ವಿಚ್‌ಗಳಿಗೆ ತಾನೇ ಹಂಚುವ ವಿಟಿಪಿಯನ್ನು ನೋಡಲೇಬೇಕು. ಡೊಮೇನ್ ಹೆಸರು, ಪಾಸ್‌ವರ್ಡ್ ಹೊಂದಿ ಅದರ ರಿವಿಷನ್ ಸಂಖ್ಯೆ ನಮ್ಮದಕ್ಕಿಂತ ಹೆಚ್ಚಿದ್ದರೆ, ವಿಟಿಪಿಯ 1 ಮತ್ತು 2ನೇ ಆವೃತ್ತಿಗಳಲ್ಲಿ ಅದರ ವಿಲ್ಯಾನ್ ಪಟ್ಟಿಯೇ ಎಲ್ಲ ಸ್ವಿಚ್‌ಗಳಿಗೂ ಹರಡಿ ನಮ್ಮದು ಅಳಿಯುತ್ತದೆ. ಸರ್ವರ್ ಮೋಡ್‌ನಲ್ಲಿದ್ದ ಸ್ವಿಚ್ಚಿನ ಸ್ಟಾರ್ಟಪ್ ಕಾನ್ಫಿಗರೇಶನ್ ಅಳಿಸಿದರೂ ಈ ಪಟ್ಟಿ ಹೋಗುವುದಿಲ್ಲ, ಏಕೆಂದರೆ ಅದು ಫ್ಲ್ಯಾಶ್‌ನ ವಿಲ್ಯಾನ್.ಡ್ಯಾಟ್ ಫೈಲಿನಲ್ಲಿರುತ್ತದೆ. ಅದನ್ನೂ ಅಳಿಸಿ ರಿಲೋಡ್ ಮಾಡಿ, ವಿಟಿಪಿಯನ್ನು ಟ್ರಾನ್ಸ್‌ಪರೆಂಟ್ ಮೋಡಿಗೆ ಹಾಕಿದ ಮೇಲಷ್ಟೇ ಅಪ್‌ಲಿಂಕ್ ಕೇಬಲ್ ಸಿಕ್ಕಿಸಿ.