ಅಗ್ನಿಶಿಖೆಯ ಗಡ್ಡೆಯನ್ನು ಮಲಗಿಸಿ ನೆಡಿ

ಪುಣೆಯ ಬಾಲ್ಕನಿಗಳಲ್ಲಿ ಅಗ್ನಿಶಿಖೆ ಎಂಬ ಹೂಬಳ್ಳಿ ಬೆಳೆಸುವವರು ಅದರ ಗಡ್ಡೆಯನ್ನು ನೆಟ್ಟಗೆ ನಿಲ್ಲಿಸದೆ, ಮೇ ತಿಂಗಳ ಕೊನೆಯಲ್ಲಿ, ಸುಮಾರು 2 ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಿ ನೆಡಬೇಕು. ಕವಲೊಡೆದ ಈ ಗಡ್ಡೆಯ ಪ್ರತಿ ತೋಳಿನ ತುದಿಯಲ್ಲಿ ಮಾತ್ರ ಮೊಳಕೆಯ ಕಣ್ಣು ಇರುವುದರಿಂದ, ಅಡ್ಡಲಾಗಿ ಮಲಗಿಸಿದಾಗ ಯಾವ ಕಣ್ಣೂ ಆಳದಲ್ಲಿ ತಲೆಕೆಳಗಾಗಿ ಹೂತುಹೋಗದೆ, ಮೊಳಕೆ ಸಲೀಸಾಗಿ ಮೇಲೆ ಬರುತ್ತದೆ. ತುದಿ ಮುರಿದ ತೋಳು ಮಾತ್ರ ಎಷ್ಟು ಜೋಪಾನ ಮಾಡಿದರೂ ಚಿಗುರುವುದಿಲ್ಲ, ಆದ್ದರಿಂದ ಕೊಳ್ಳುವಾಗಲೇ ತುದಿಗಳನ್ನು ನೋಡಿಕೊಳ್ಳಿ. ಮಳೆನೀರು ಬಸಿಯದ ಕುಂಡದಲ್ಲಿ, ಹಾಗೂ ಎಲೆಗಳು ಹಳದಿಯಾಗಿ ಒಣಗಿದ ಮೇಲೂ ನೀರುಣಿಸುತ್ತಿದ್ದರೆ, ಈ ಉಪಾಯ ಫಲಿಸದೆ ಗಡ್ಡೆ ಕೊಳೆಯುತ್ತದೆ. ಎಲೆಯ ತುದಿಯೇ ಬಳ್ಳಿಯ ಕೈ ಆಗಿರುವುದರಿಂದ ದಪ್ಪ ಬಿದಿರನ್ನು ಅದು ಹಿಡಿಯಲಾರದು. ಸಣ್ಣ ಕಡ್ಡಿ ಅಥವಾ ದಾರ ಕಟ್ಟಿಕೊಡಿ. ಇಲ್ಲಿನ ಮರಾಠಿ ನೆರೆಯವರು ಕಳಲಾವಿ ಎಂದು ಕರೆಯುವ ಈ ಹೂವು ಗೌರಿ ಹಬ್ಬದ ವೇಳೆಗೆ ಕೆಂಪು-ಹಳದಿಯಾಗಿ ಅರಳಿದಾಗ ಕಣ್ಣು ತುಂಬುತ್ತದೆ. ಆದರೆ ಗಿಡದ ಎಲ್ಲ ಭಾಗಗಳಲ್ಲೂ, ಅದರಲ್ಲಿಯೂ ಗಡ್ಡೆಯಲ್ಲಿ, ಕಾಲ್ಚಿಸಿನ್ ಎಂಬ ಪ್ರಾಣಾಂತಕ ವಿಷವಿದೆ. ನೋಡಲು ಗೆಣಸಿನಂತಿರುವ ಈ ಗಡ್ಡೆಯನ್ನು ಅಡುಗೆಮನೆಯಲ್ಲಿ ಎಂದಿಗೂ ಇಡಬೇಡಿ, ಕೈಗವಸು ಹಾಕಿಕೊಂಡೇ ನೆಡಿ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬೆಳೆಸದಿರುವುದೇ ಸರಿ.