ಕತ್ತರಿಸಿದರೂ ಪ್ರಶ್ನೆ ಉಳಿಯಬೇಕು

ಟಿವಿ ಸುದ್ದಿಮನೆಯಲ್ಲಿ ಹನ್ನೊಂದು ವರ್ಷ ರಾಜಕೀಯ ಡೆಸ್ಕ್ ನೋಡಿಕೊಂಡೆ. ನಾಯಕರೊಬ್ಬರು ನಲವತ್ತು ನಿಮಿಷ ಮಾತಾಡಿದರೂ ಒಂದೂವರೆ ನಿಮಿಷದ ಪ್ಯಾಕೇಜಿನಲ್ಲಿ, ಅಂದರೆ ಸಂಕಲಿಸಿದ ವರದಿಯಲ್ಲಿ, ಉಳಿಯುತ್ತಿದ್ದದ್ದು ಹದಿನೈದು ಸೆಕೆಂಡಿನ ಬೈಟು, ಅಂದರೆ ಅವರದೇ ಮಾತಿನ ತುಣುಕು. ಯಾವ ಹದಿನೈದು ಸೆಕೆಂಡು ಎನ್ನುವುದು ನಮ್ಮ ತೀರ್ಮಾನ.

ಆ ಹಿಡಿತ ಸಡಿಲವಾಗುತ್ತಿದೆ ಎಂದು ನನಗೆ ಮನದಟ್ಟಾದದ್ದು 2016ರ ಜೂನ್‌ನಲ್ಲಿ. ಬಂದೂಕು ನಿಯಂತ್ರಣದ ಬಗ್ಗೆ ಮತದಾನ ನಡೆಯಲಿ ಎಂದು ಅಮೆರಿಕದ ಪ್ರತಿನಿಧಿ ಸಭೆಯಲ್ಲಿ ಡೆಮಾಕ್ರಟಿಕ್ ಸದಸ್ಯರು ನೆಲದ ಮೇಲೆ ಧರಣಿ ಕೂತರು. ಕಲಾಪ ನಿಂತಿದ್ದರಿಂದ ಸದನದ ಕ್ಯಾಮೆರಾಗಳೂ ನಿಂತವು. ಸದಸ್ಯರೇ ಮೊಬೈಲ್ ಹಿಡಿದು ಪೆರಿಸ್ಕೋಪ್ ಎಂಬ ನೇರಪ್ರಸಾರದ ಆ್ಯಪ್ ಮತ್ತು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದರು. ಅಲ್ಲಿನ ಸದನದ ಕಲಾಪ ತೋರಿಸುವ ಸಿ-ಸ್ಪ್ಯಾನ್ ಚಾನೆಲ್ ಅದನ್ನೇ ಎತ್ತಿಕೊಂಡು ತೋರಿಸಿತು.

ಮುಂದೆ ಕೆಲಸ ಬಿಟ್ಟು ರಾಜಕಾರಣಿಗಳನ್ನು ಸಂದರ್ಶಿಸುವ ಎರಡು ಗಂಟೆಯ ಪಾಡ್‌ಕಾಸ್ಟ್ ಶುರುಮಾಡಿದೆ. 1960ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಗಳಾದ ಕೆನಡಿ ಮತ್ತು ನಿಕ್ಸನ್ ಮೊದಲ ಟಿವಿ ಚರ್ಚೆಗೆ ನಿಂತಾಗ ಪ್ರಶ್ನೆ ಕೇಳಲು ಪತ್ರಕರ್ತರ ತಂಡವಿತ್ತು. 2024ರಲ್ಲಿ ಟ್ರಂಪ್ ಸುಮಾರು ಮೂರು ಗಂಟೆ ಪಾಡ್‌ಕಾಸ್ಟ್ ನಿರೂಪಕ ಜೋ ರೋಗನ್ ಒಬ್ಬರ ಎದುರು ಕೂತು ಮಾತಾಡಿದರು. ಅಷ್ಟು ಹೊತ್ತು ಒಬ್ಬರೇ ಪ್ರಶ್ನೆ ಕೇಳುವುದು ಎಂಥ ಭಾರ ಎಂದು ನನಗೆ ಆರಂಭದಲ್ಲೇ ಗೊತ್ತಾಗಿತ್ತು. ಅತಿಥಿ ಸರಾಗವಾಗಿ ಒಂದು ತಪ್ಪು ಅಂಕಿ ಹೇಳಿದರು, ನನ್ನ ಕೈಯಲ್ಲಿ ಕಾಗದವಿರಲಿಲ್ಲ, ಅದು ಹಾಗೇ ಹೋಯಿತು. ಇವತ್ತಿಗೂ ನೋಯುತ್ತದೆ. ಈಗ ಅತಿಥಿಯ ಹಳೆಯ ಭಾಷಣ, ಸದನದಲ್ಲಿ ಹಾಕಿದ ಮತ, ಎಲ್ಲಕ್ಕೂ ತಾರೀಖು ಬರೆದ ಫೈಲು ಮೇಜಿನ ಮೇಲಿರುತ್ತದೆ. ಸಹೋದ್ಯೋಗಿಯೊಬ್ಬರು ಪಕ್ಕದಲ್ಲಿ ಕೂತು ಪರಿಶೀಲಿಸಿ ಚೀಟಿ ಕೊಡುತ್ತಾರೆ.

ಆದರೆ ದೊಡ್ಡ ತೊಡಕು ಕ್ಲಿಪ್‌ಗಳದ್ದು. ಎರಡು ಗಂಟೆ ಪೂರ್ತಿ ನೋಡುವವರಿಗಿಂತ ನಲವತ್ತು ಸೆಕೆಂಡಿನ ತುಂಡು ನೋಡುವವರೇ ಜಾಸ್ತಿ. ಅಡ್ಡ ಚೌಕಟ್ಟಿನ ವಿಡಿಯೊವನ್ನು ಮೊಬೈಲ್ ಪರದೆಗೆ ತಕ್ಕಂತೆ ಉದ್ದಕ್ಕೆ ಕತ್ತರಿಸಿದರೆ ಇಬ್ಬರೂ ಅದರೊಳಗೆ ಕಾಣುವುದಿಲ್ಲ. ಪ್ರಶ್ನೆ ಕೇಳಿದವರು ಹೊರಗೆ. ಒಮ್ಮೆ ಅತಿಥಿಯ ತಂಡದವರೇ ನನ್ನ ಪ್ರಶ್ನೆ ತೆಗೆದು ಉತ್ತರವನ್ನಷ್ಟೇ ಹಂಚಿದರು, ಅರ್ಥವೇ ತಿರುಗಿತು. ಟಿವಿಯಲ್ಲಿದ್ದಾಗ ‘ಪ್ರಶ್ನೆಯನ್ನೂ ಸೇರಿಸಿ ಉತ್ತರಿಸಿ’ ಎಂದು ನಾವೇ ಹೇಳುತ್ತಿದ್ದೆವು, ನಮ್ಮ ದನಿ ಕತ್ತರಿಸಲು ಸುಲಭವಾಗಲಿ ಎಂದು. ಈಗ ಅದರ ತದ್ವಿರುದ್ಧ ಮಾಡುತ್ತೇನೆ. ಪ್ರಶ್ನೆ ಒಂದೇ ವಾಕ್ಯ, ಎಂಟು ಸೆಕೆಂಡು ಮೀರಬಾರದು. ಮೇಲೆ ನಾನು, ಕೆಳಗೆ ಅತಿಥಿ, ಇಬ್ಬರೂ ಕಾಣುವ ಉದ್ದನೆಯ ಕ್ಲಿಪ್‌ಗಳನ್ನು ಪೂರ್ತಿ ಸಂದರ್ಶನದ ಜೊತೆಗೇ ಬಿಡುತ್ತೇನೆ. ಬೇರೆಯವರು ಕತ್ತರಿಸುವಷ್ಟರಲ್ಲಿ ಪ್ರಶ್ನೆಯಿರುವ ತುಂಡು ಜನರ ಕೈ ಸೇರಿರುತ್ತದೆ.

ಮತ ಎಣಿಕೆಯ ದಿನ ಮಾತ್ರ ನಾನು ಟಿವಿ ಹಾಕುತ್ತೇನೆ. ಎಣಿಕೆ ಕೇಂದ್ರಗಳಲ್ಲಿ ನಿಂತ ವರದಿಗಾರರು, ಖಚಿತವಾಗುವ ತನಕ ಫಲಿತಾಂಶ ತಡೆಹಿಡಿಯುವ ಡೆಸ್ಕ್ ಇವೆಲ್ಲ ಇಬ್ಬರೇ ಇರುವ ನಮ್ಮ ಕೋಣೆಯಲ್ಲಿ ಆಗದ ಕೆಲಸ.